ಅಂಗಡಿಗೆ ಇಂಟರ್ನೆಟ್ ಫೋನ್: ಸಾಫ್ಟ್‌ವೇರ್ ಯಾವ್ದು ಅಂತ ಕೇಳೋ ಮುಂಚೆ ನಂಬರ್ ಯಾರದ್ದು ಅಂತ ಕೇಳಿ

ಎಂಟು ಹತ್ತು ಜನ ಕೆಲಸ ಮಾಡೋ ಯಾವ್ದೇ ಸ್ಪೇರ್ ಪಾರ್ಟ್ಸ್ ಅಂಗಡಿ, ಲ್ಯಾಬು, ಟ್ರಾವೆಲ್ಸ್ ಆಫೀಸು ನೋಡಿ, ಬೋರ್ಡ್ ಮೇಲೆ ಮೂರ್ನಾಲ್ಕು ಮೊಬೈಲ್ ನಂಬರ್ ಬರೆಸಿರ್ತಾರೆ. ಒಂದು ಓನರ್‌ದು, ಒಂದು ಅವ್ರ ತಮ್ಮಂದು, ಇನ್ನೊಂದು ಕೆಲಸ ಬಿಟ್ಟು ಹೋದ ಸೇಲ್ಸ್ ಹುಡುಗಂದು. ಗಿರಾಕಿ ಮೊದಲನೇದಕ್ಕೆ ಮಾಡ್ತಾನೆ, ಬಿಝಿ, ಎರಡನೇದಕ್ಕೆ ಮಾಡ್ತಾನೆ, ಯಾರೂ ಎತ್ತಲ್ಲ, ಮೂರನೇದಕ್ಕೆ ಮಾಡಿದ್ರೆ ಆ ಹುಡುಗ ಈಗ ಪಕ್ಕದ ರಸ್ತೇಲಿ ತನ್ನದೇ ಅಂಗಡಿ ಇಟ್ಕೊಂಡಿದಾನೆ, "ಹೇಳಿ ಸಾರ್, ಏನ್ ಬೇಕಿತ್ತು" ಅಂತ ಅವ್ನೇ ಮಾಲು ಕಳಿಸ್ತಾನೆ. ಇದನ್ನ ಸರಿ ಮಾಡೋಣ ಅಂತ ಜನ ಇಂಟರ್ನೆಟ್ ಫೋನ್ ಸಿಸ್ಟಮ್, ಅಂದ್ರೆ ಅಂಗಡಿಯ ಒಂದೇ ನಂಬರ್‌ಗೆ ಬರೋ ಕಾಲನ್ನ ಇಂಟರ್ನೆಟ್ ಮೂಲಕ ಎಲ್ಲರಿಗೂ ಹಂಚೋ ವ್ಯವಸ್ಥೆ, ಹುಡುಕೋಕೆ ಹೊರಡ್ತಾರೆ, ಹೊರಟ ತಕ್ಷಣ ಕೇಳೋದು "ಯಾವ ಸಾಫ್ಟ್‌ವೇರ್ ಈಸಿ" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ ಆಗ್ಬೇಕು. ಮೊದಲನೇದು, ನಂಬರ್ ಯಾರ ಹೆಸರಲ್ಲಿರತ್ತೆ, ನಾಳೆ ಆ ಕಂಪನಿ ಬೇಡ ಅನ್ಸಿದ್ರೆ ನಂಬರ್ ಸಮೇತ ಹೊರಗೆ ಬರೋಕೆ ಆಗತ್ತಾ ಇಲ್ವಾ.

ನೆಟ್ಟಲ್ಲಿ ಇಂಗ್ಲಿಷಲ್ಲಿ ಸಿಗೋ ಸಲಹೆಗಳೆಲ್ಲ ಹೆಚ್ಚೂಕಮ್ಮಿ ಅಮೆರಿಕ, ಬ್ರಿಟನ್ ಲೆಕ್ಕದಲ್ಲಿ ಬರೆದಿರೋವು. ಅಲ್ಲಿ ಮೊದಲ ಲಾಭ ಅಂತ ಹೇಳೋದೇ ಕಾಲ್ ಚಾರ್ಜ್ ಉಳಿಯತ್ತೆ ಅಂತ. ನಮ್ಮಲ್ಲಿ ಆ ಮಾತು ನಡಿಯಲ್ಲ ರೀ. ಒಂದು ಮೊಬೈಲ್ ಕಂಪನಿಯಿಂದ ಇನ್ನೊಂದಕ್ಕೆ ಕಾಲ್ ಹೋದಾಗ ಕೊಡ್ಬೇಕಿದ್ದ ಇಂಟರ್‌ಕನೆಕ್ಟ್ ಚಾರ್ಜ್ 2021ರ ಜನವರಿ 1ರಿಂದ ಸೊನ್ನೆ, ಈಗ ಹೆಚ್ಚಿನ ರೀಚಾರ್ಜ್ ಪ್ಯಾಕ್‌ಗಳಲ್ಲಿ ದೇಶದೊಳಗಿನ ಕಾಲ್ ಅನ್‌ಲಿಮಿಟೆಡ್. ಇನ್ನು ಉಳಿಸೋದು ಏನಿದೆ? ಇಂಟರ್ನೆಟ್ ಫೋನ್ ಹಾಕ್ಸಿದ್ರೆ ನಿಮ್ಮ ತಿಂಗಳ ಫೋನ್ ಖರ್ಚು ಜಾಸ್ತಿನೇ ಆಗತ್ತೆ, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಆ ಜಾಸ್ತಿ ದುಡ್ಡಿಗೆ ನಿಮಗೆ ಸಿಗೋದು ಏನಂದ್ರೆ ಒಂದೇ ನಂಬರ್, ಅದು ಒಟ್ಟಿಗೆ ಐದಾರು ಜನಕ್ಕೆ ರಿಂಗ್ ಆಗತ್ತೆ, ಯಾರೂ ಎತ್ತದೇ ಇದ್ರೆ ಯಾರು ಎಷ್ಟೊತ್ತಿಗೆ ಮಾಡಿದ್ರು ಅಂತ ಲಿಸ್ಟ್ ಉಳಿಯತ್ತೆ, ಹುಡುಗ ಕೆಲಸ ಬಿಟ್ರೆ ಅವ್ನ ಎಕ್ಸ್‌ಟೆನ್ಷನ್ (ಸಿಸ್ಟಮ್ ಒಳಗೆ ಒಬ್ಬೊಬ್ಬರಿಗೂ ಇರೋ ಚಿಕ್ಕ ನಂಬರ್) ತೆಗೆದು ಇನ್ನೊಬ್ಬರಿಗೆ ಕೊಟ್ರೆ ಮುಗೀತು. ಇದು ಬೇಕಿಲ್ಲ ಅಂದ್ರೆ ಮುಂದೆ ಓದೋದೇ ಬೇಡ, ಎರಡು ಸಿಮ್ಮಿನ ಫೋನು ಸಾಕು. ಇಬ್ಬರು ಮೂವರ ಅಂಗಡಿಗೆ ಮೊಬೈಲ್ ಸೆಟ್ಟಿಂಗ್ಸ್‌ನಲ್ಲೇ "ಬಿಝಿ ಇದ್ರೆ ಈ ನಂಬರ್‌ಗೆ ಕಳಿಸು" ಅನ್ನೋ ಕಾಲ್ ಫಾರ್ವರ್ಡಿಂಗ್ ಇದೆ, ಅಷ್ಟರಲ್ಲೇ ಅರ್ಧ ಕೆಲಸ ಆಗತ್ತೆ.

ಈಗ ಈ ಸಿಸ್ಟಮ್ ಅಂದ್ರೆ ಒಳಗೆ ಏನಿದೆ ನೋಡೋಣ. ಮುಂಚೆ ಆಫೀಸು, ಲಾಡ್ಜು, ಆಸ್ಪತ್ರೇಲಿ ಗೋಡೆಗೆ ಒಂದು ಡಬ್ಬಿ ಹೊಡೆದಿರ್ತಿದ್ರು, ಇಪಿಎಬಿಎಕ್ಸ್ ಅಂತ, ನಮ್ಮ ಜನ ಅದನ್ನ ಇಂಟರ್‌ಕಾಮ್ ಅಂತಾನೇ ಕರೀತಿದ್ರು. ಹೊರಗಿಂದ ಎರಡು ಲೈನು, ಒಳಗೆ ಹದಿನಾರು ಫೋನು. ಆ ಡಬ್ಬಿ ಮಾಡ್ತಿದ್ದ ಕೆಲಸ ಎಲ್ಲ ಸಾಫ್ಟ್‌ವೇರಿಗೆ ಬಂತು. 1999ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಮಾರ್ಕ್ ಸ್ಪೆನ್ಸರ್ ಅನ್ನೋ ಹುಡುಗ ಲಿನಕ್ಸ್ ಸಪೋರ್ಟ್ ಕಂಪನಿ ಶುರು ಮಾಡಿದ್ದ, ಫೋನ್ ಸಿಸ್ಟಮ್ ತಗೊಳ್ಳೋಕೆ ಅಷ್ಟು ದುಡ್ಡಿರಲಿಲ್ಲ, ತಾನೇ ಒಂದು ಬರೆದ, ಅದೇ ಆಸ್ಟೆರಿಸ್ಕ್. ಓಪನ್ ಸೋರ್ಸ್, ಅಂದ್ರೆ ಯಾರು ಬೇಕಾದ್ರೂ ತಗೊಂಡು ಬಳಸ್ಬಹುದು, ತಿದ್ಬಹುದು, ಇವತ್ತಿಗೂ ಎಷ್ಟೋ ಕಂಪನಿಗಳು ಮಾರೋ "ಸ್ವಂತ" ಫೋನ್ ಸಿಸ್ಟಮ್ ಒಳಗೆ ಓಡ್ತಿರೋದು ಅದೇ. ಅಂದಹಾಗೆ ಚಿಕ್ಕ ಊರಿಗೆ ಚಿಕ್ಕ ಎಕ್ಸ್‌ಚೇಂಜ್ ಅನ್ನೋ ಯೋಚನೆ ನಮಗೆ ಹೊಸದೇನಲ್ಲ, ಕೇಂದ್ರ ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ನಮ್ಮ ಹಳ್ಳಿಗಳ ಧೂಳು, ಬಿಸಿಲು ತಡ್ಕೊಳ್ಳಲಿ, ಎಸಿ ರೂಮ್ ಬೇಡ ಅಂತ ಮಾಡಿದ 128 ಪೋರ್ಟಿನ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಕಿತ್ತೂರಲ್ಲಿ.

ಇವತ್ತಿನ ಸಿಸ್ಟಮ್‌ನಲ್ಲಿ ಮೂರು ಬೇರೆ ಬೇರೆ ವಸ್ತು ಇದಾವೆ, ಮಾರೋರು ಮೂರನ್ನೂ ಕಲಸಿ ಒಂದೇ ಹೆಸರಲ್ಲಿ ಹೇಳ್ತಾರೆ, ಅಲ್ಲೇ ಜನ ತಪ್ಪೋದು. ಕಾಲ್ ಎಲ್ಲಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋ ಸಾಫ್ಟ್‌ವೇರ್ ಒಂದು, ಅದಕ್ಕೆ ಪಿಬಿಎಕ್ಸ್ ಅಂತಾರೆ, ಅದು ಪುಕ್ಕಟೆನೂ ಸಿಗತ್ತೆ. ಹೊರಗಿನ ಜಗತ್ತಿಗೆ ಸೇರಿಸೋ ನಂಬರ್ ಮತ್ತೆ ಲೈನ್ ಇನ್ನೊಂದು, ಅದನ್ನ ಸಿಪ್ ಟ್ರಂಕ್ ಅಂತಾರೆ, ಇದು ಯಾವತ್ತೂ ಪುಕ್ಕಟೆ ಅಲ್ಲ, ಲೈಸೆನ್ಸ್ ಇರೋ ಟೆಲಿಕಾಂ ಕಂಪನಿಯಿಂದಾನೇ ಬರ್ಬೇಕು. ಮೂರನೇದು ಕೈಲಿ ಹಿಡಿಯೋ ಸಾಮಾನು, ಮೊಬೈಲಲ್ಲಿ ಆಪ್, ಕಂಪ್ಯೂಟರ್‌ಗೆ ಹೆಡ್‌ಸೆಟ್, ಇಲ್ಲಾ ಟೇಬಲ್ ಮೇಲೆ ಯಿಯಾಲಿಂಕ್, ಗ್ರಾಂಡ್‌ಸ್ಟ್ರೀಮ್ ಥರದ, ನೇರ ಇಂಟರ್ನೆಟ್‌ಗೆ ಸೇರೋ ಐಪಿ ಫೋನ್. "ಲೈಫ್‌ಟೈಮ್ ಫ್ರೀ ಪಿಬಿಎಕ್ಸ್" ಅಂತ ಯಾರಾದ್ರೂ ಹೇಳಿದ್ರೆ ಅವ್ರು ಹೇಳ್ತಿರೋದು ಮೊದಲನೇದರ ಬಗ್ಗೆ ಮಾತ್ರ.

ಎರಡನೇ ವಸ್ತು ಇದೆಯಲ್ಲ, ಲೈನು, ನಮ್ಮ ದೇಶದಲ್ಲಿ ಕಥೆ ಶುರುವಾಗೋದೇ ಅಲ್ಲಿ. ಅಮೆರಿಕದ ಯೂಟ್ಯೂಬ್ ವಿಡಿಯೋದಲ್ಲಿ ಕಾರ್ಡ್ ಹಾಕಿ ಐದು ನಿಮಿಷದಲ್ಲಿ ನಂಬರ್ ತಗೊಂಡು ತೋರಿಸ್ತಾರೆ, ಇಲ್ಲಿ ಹಾಗಾಗಲ್ಲ. ಇಂಟರ್ನೆಟ್ ಫೋನಿಗೆ ಸರ್ಕಾರ 2002ರ ಏಪ್ರಿಲ್‌ನಲ್ಲಿ ಬಾಗಿಲು ತೆರೆದಿದ್ದು ಅರ್ಧ ಮಾತ್ರ, ಕಂಪ್ಯೂಟರ್‌ನಿಂದ ಕಂಪ್ಯೂಟರ್‌ಗೆ ಮಾಡ್ಬಹುದು, ವಿದೇಶದ ಫೋನಿಗೂ ಮಾಡ್ಬಹುದು, ಆದ್ರೆ ಇಂಟರ್ನೆಟ್ಟಿಂದ ಇಲ್ಲಿನ ಮಾಮೂಲಿ ಫೋನಿಗೆ ಮಾತ್ರ ಮಾಡೋ ಹಾಗಿಲ್ಲ. 2017ರಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ ಶಿಫಾರಸು ಕೊಟ್ಟು, 2018ರಲ್ಲಿ ಆ ಬಾಗಿಲೂ ತೆರೀತು, ಬಿಎಸ್‌ಎನ್‌ಎಲ್‌ನವರು ಮೊದಲು ವಿಂಗ್ಸ್ ಅಂತ ತಂದ್ರು, ಸಿಮ್ ಇಲ್ಲ, ಆಪ್‌ನಲ್ಲೇ ಹತ್ತಂಕಿ ನಂಬರ್, ಆಗ ವರ್ಷಕ್ಕೆ 1,099 ರೂಪಾಯಿ ಇಟ್ಟಿದ್ರು. ಐಡಿಯಾ ಚೆನ್ನಾಗಿತ್ತು, ಆದ್ರೆ ಅದು ಒಬ್ಬ ಮನುಷ್ಯನಿಗೆ ಒಂದು ನಂಬರ್, ಅಂಗಡಿಗೆ ಬೇಕಾದ ಒಂದು ನಂಬರ್ ಹತ್ತು ಜನ ಅಲ್ಲ.

ಇದರ ಜೊತೆಗೆ ಟೋಲ್ ಬೈಪಾಸ್ ಅನ್ನೋ ಶಬ್ದ ಗೊತ್ತಿರಲಿ. ಇಂಟರ್ನೆಟ್ ಮೂಲಕ ವಿದೇಶದಿಂದ ಬಂದ ಕಾಲನ್ನ ಲೈಸೆನ್ಸ್ ಇಲ್ದೆ ಇಲ್ಲಿನ ಫೋನ್ ನೆಟ್‌ವರ್ಕ್‌ಗೆ ಇಳಿಸೋದು ಅಪರಾಧ. ಬೆಂಗಳೂರಲ್ಲೇ ಬಾಡಿಗೆ ಮನೇಲಿ ಸಿಮ್ ಬಾಕ್ಸ್ (ಒಟ್ಟಿಗೆ ಬಹಳ ಸಿಮ್ ಓಡಿಸೋ ಡಬ್ಬಿ) ಇಟ್ಕೊಂಡು ನೂರಾರು ಸಿಮ್ ಹಾಕಿ ಈ ದಂಧೆ ಮಾಡ್ತಿದ್ದೋರನ್ನ ಪೊಲೀಸರು ಹಿಡಿದ ಸುದ್ದಿ 2021ರಲ್ಲೂ ಬಂತು, ಆಮೇಲೂ ಬರ್ತಾನೇ ಇದೆ. ನಿಮಗೂ ಅದಕ್ಕೂ ಏನ್ ಸಂಬಂಧ ಅಂದ್ರೆ, ಕೆಲವು ಲೋಕಲ್ ಟೆಕ್ನಿಶಿಯನ್‌ಗಳು "ಸಿಪ್ ಟ್ರಂಕ್ ಎಲ್ಲ ಯಾಕೆ ಸಾರ್, ಒಂದು ಜಿಎಸ್‌ಎಂ ಗೇಟ್‌ವೇ ಹಾಕಿ ನಾಲ್ಕು ಅನ್‌ಲಿಮಿಟೆಡ್ ಸಿಮ್ ಹಾಕಿದ್ರೆ ಆಯ್ತು" ಅಂತಾರೆ. ಗೇಟ್‌ವೇ ಅಂದ್ರೆ ಸಿಮ್‌ಗಳನ್ನ ಫೋನ್ ಸಿಸ್ಟಮ್‌ಗೆ ಸೇರಿಸೋ ಡಬ್ಬಿ. ಆ ಸಿಮ್ಮುಗಳು ನಿಮ್ಮ ಹೆಸರಲ್ಲಿರ್ತಾವೆ, ಆ ಡಬ್ಬಿ ಇಂಟರ್ನೆಟ್‌ಗೂ ಸೇರಿರತ್ತೆ, ಹೊರಗಿನವ್ರು ಯಾರಾದ್ರೂ ಪಾಸ್‌ವರ್ಡ್ ಮುರಿದು ಅದ್ರ ಮೂಲಕ ಕಾಲ್ ಓಡಿಸಿದ್ರೆ ಬಾಗಿಲಿಗೆ ಬರೋ ಪೊಲೀಸರಿಗೆ ನೀವೇ ಉತ್ತರ ಹೇಳ್ಬೇಕು. ನಾಲ್ಕು ಕಾಸು ಉಳಿಸೋಕೆ ಈ ತಲೆನೋವು ಬೇಡ.

ಹಾಗಂತ ಕಾನೂನೆಲ್ಲ ಬಿಗಿಯಾಗೇ ಇದೆ ಅಂತಲ್ಲ. ಕಾಲ್ ಸೆಂಟರ್ ಥರದ ಕಂಪನಿಗಳಿಗಿದ್ದ ಓಎಸ್‌ಪಿ (ಅದರ್ ಸರ್ವಿಸ್ ಪ್ರೊವೈಡರ್) ನಿಯಮಗಳನ್ನ 2020ರ ನವೆಂಬರ್‌ನಲ್ಲಿ, ಆಮೇಲೆ 2021ರ ಜೂನ್‌ನಲ್ಲಿ ತುಂಬಾನೇ ಸಡಿಲ ಮಾಡಿದ್ರು, ರಿಜಿಸ್ಟ್ರೇಷನ್ ಹೋಯ್ತು, ಮನೆಯಿಂದ ಕೆಲಸ ಮಾಡೋರಿಗೆ ಇದ್ದ ಕಟ್ಟುಪಾಡು ಹೋಯ್ತು, ಕೊರೊನಾ ಕಾಲ ಅಲ್ವಾ. ಆದ್ರೂ ಆಪರೇಟರ್ ಹತ್ರ ಟ್ರಂಕ್ ತಗೊಳ್ಳೋವಾಗ "ನಮ್ಮ ಹುಡುಗ ಮನೆಯಿಂದ ಮೊಬೈಲ್ ಡೇಟಾದಲ್ಲಿ ಆಪ್ ಹಾಕ್ಕೊಂಡು ಈ ನಂಬರಿಂದ ಮಾತಾಡ್ಬಹುದಾ" ಅಂತ ಕೇಳಿ ಇಮೇಲಲ್ಲಿ ಉತ್ತರ ತಗೊಳ್ಳಿ. ಬಾಯಲ್ಲಿ ಹೂಂ ಅಂದಿದ್ದು ಲೆಕ್ಕಕ್ಕಿಲ್ಲ.

ಸರಿ, ಆಯ್ಕೆಗೆ ಬರೋಣ. ಚಿಕ್ಕ ವ್ಯಾಪಾರಕ್ಕೆ ನಿಜವಾಗ್ಲೂ ಇರೋ ದಾರಿ ಎರಡು.

ಒಂದು, ಕ್ಲೌಡ್ ಟೆಲಿಫೋನಿ, ಅಂದ್ರೆ ಸಿಸ್ಟಮ್ ಎಲ್ಲ ಬೇರೆ ಕಂಪನಿಯ ಸರ್ವರ್‌ನಲ್ಲಿರತ್ತೆ, ನೀವು ಬಾಡಿಗೆ ಕಟ್ತೀರಿ. ಬೆಂಗಳೂರಿನ ಎಕ್ಸೋಟೆಲ್, ಹೈದರಾಬಾದಿನ ಓಝೋನ್‌ಟೆಲ್, ಮೈಆಪರೇಟರ್, ನೋಲಾರಿಟಿ, ಟಾಟಾ ಟೆಲಿಯವರ ಸ್ಮಾರ್ಟ್‌ಫ್ಲೋ, ಹೀಗೆ ಸುಮಾರಿದಾವೆ. ಇದ್ರಲ್ಲಿ ಬಹಳ ಜನಕ್ಕೆ ಗೊತ್ತಿಲ್ದೇ ಇರೋ ಒಂದು ವಿಷಯ ಏನಂದ್ರೆ, ಇವುಗಳಲ್ಲಿ ಹೆಚ್ಚಿನವು ನಿಮ್ಮ ಹುಡುಗನ ಕಡೆಗೆ ಇಂಟರ್ನೆಟ್ ಕಾಲ್ ಕಳಿಸೋದೇ ಇಲ್ಲ. ಗಿರಾಕಿ 080 ನಂಬರ್‌ಗೆ ಮಾಡ್ತಾನೆ, ಅದು ಅವ್ರ ಸರ್ವರ್‌ನಲ್ಲಿ ಇಳಿಯತ್ತೆ, ಅಲ್ಲಿಂದ ಅವ್ರು ನಿಮ್ಮ ಹುಡುಗನ ಮಾಮೂಲಿ ಮೊಬೈಲ್‌ಗೆ ಇನ್ನೊಂದು ಕಾಲ್ ಹಾಕಿ ಎರಡನ್ನೂ ಸೇರಿಸ್ತಾರೆ. ಹೊರಗೆ ಕಾಲ್ ಮಾಡೋವಾಗ್ಲೂ ಅಷ್ಟೇ, ಆಪಲ್ಲಿ ಒತ್ತಿದ್ರೆ ಮೊದಲು ನಿಮ್ಮ ಫೋನೇ ರಿಂಗ್ ಆಗತ್ತೆ, ನೀವು ಎತ್ತಿದ್ಮೇಲೆ ಗಿರಾಕಿಗೆ ಹೋಗತ್ತೆ, ಮೊದಲ ದಿನ ಎಲ್ಲರೂ "ಇದೇನ್ ನಂಗೇ ಕಾಲ್ ಬರ್ತಿದೆ" ಅಂತ ಕಟ್ ಮಾಡ್ತಾರೆ. ಇದ್ರ ಲಾಭ, ಅಂಗಡಿ ಇಂಟರ್ನೆಟ್ ಹಾಳಾದ್ರೂ, ಕರೆಂಟ್ ಹೋದ್ರೂ ಫೋನು ನಡಿಯತ್ತೆ, ಹುಡುಗ ಚಳ್ಳಕೆರೆ ದಾಟಿ ಎಲ್ಲೋ ಡೆಲಿವರಿಗೆ ಹೋಗಿದ್ರೂ ಬರಿ ಟವರ್ ಇದ್ರೆ ಸಾಕು. ನಷ್ಟ, ಒಂದು ಮಾತಿಗೆ ಎರಡು ಕಾಲ್, ಹಾಗಾಗಿ ನಿಮಿಷದ ಲೆಕ್ಕ ಎರಡೂ ಕಡೆ ಬೀಳ್ಬಹುದು. ಪ್ಲಾನ್ ನೋಡೋವಾಗ "ನಿಮಿಷಕ್ಕೆ ಇಷ್ಟು ಪೈಸೆ" ಅಂದ್ರೆ ಅದು ಒಂದು ಕಾಲಿಗಾ ಎರಡಕ್ಕೂ ಸೇರಿನಾ ಅಂತ ಕೇಳಿ, ಪಲ್ಸ್, ಅಂದ್ರೆ ಒಂದ್ಸಲಕ್ಕೆ ಬಿಲ್ ಆಗೋ ಸಮಯ, 30 ಸೆಕೆಂಡಾ 60 ಸೆಕೆಂಡಾ ಅಂತ್ಲೂ ಕೇಳಿ. ಬಿಲ್ ಬಂದ್ಮೇಲೆ ಜಗಳ ಶುರುವಾಗೋದು ಇದ್ರಿಂದಾನೇ.

ಎರಡನೇ ದಾರಿ, ಸ್ವಂತ ಪಿಬಿಎಕ್ಸ್ ಸಾಫ್ಟ್‌ವೇರ್, ಅದಕ್ಕೆ ಆಪರೇಟರ್‌ನ ಸಿಪ್ ಟ್ರಂಕ್. ಇಲ್ಲಿ ಹೆಚ್ಚಾಗಿ ಕೇಳಿ ಬರೋ ಹೆಸರು 3ಸಿಎಕ್ಸ್ ಮತ್ತೆ ಫ್ರೀಪಿಬಿಎಕ್ಸ್. 3ಸಿಎಕ್ಸ್ ಸೈಪ್ರಸ್‌ನ ಕಂಪನಿದು, ಎಷ್ಟು ಜನ ಇದಾರೆ ಅಂತ ನೋಡಲ್ಲ, ಒಂದೇ ಸಲಕ್ಕೆ ಎಷ್ಟು ಕಾಲ್ ನಡೀಬಹುದು ಅನ್ನೋದರ ಮೇಲೆ ವರ್ಷದ ಲೈಸೆನ್ಸ್, ಹತ್ತು ಜನದವರೆಗೆ ಪುಕ್ಕಟೆ ಆವೃತ್ತಿನೂ ಕೊಡ್ತಾ ಬಂದಿದೆ, ಆದ್ರೆ ಷರತ್ತು ಆಗಾಗ ಬದಲಾಗ್ತಾ ಇರತ್ತೆ. ಸ್ಕ್ರೀನ್ ಚೆನ್ನಾಗಿದೆ, ಮೊಬೈಲ್ ಆಪ್‌ಗೆ ಕ್ಯೂಆರ್ ಕೋಡ್ ತೋರಿಸಿದ್ರೆ ಸೆಟ್ ಆಗ್ಬಿಡತ್ತೆ. ಫ್ರೀಪಿಬಿಎಕ್ಸ್ ಅಂದ್ರೆ ಆಸ್ಟೆರಿಸ್ಕ್‌ಗೆ ಹಾಕಿದ ವೆಬ್ ಮುಖ, ಸಾಫ್ಟ್‌ವೇರಿಗೆ ದುಡ್ಡಿಲ್ಲ, ಬೇಕಾದ್ದೆಲ್ಲ ಮಾಡತ್ತೆ, ಬೇಡದ್ದೂ ಮಾಡತ್ತೆ. ಒಳಗೆ ಹೋದ್ರೆ ನೂರಾರು ಆಪ್ಷನ್ನು, ಭಾನುವಾರ ರಾತ್ರಿ ಏನಾದ್ರೂ ನಿಂತ್ರೆ ಲಿನಕ್ಸ್ ಕಮಾಂಡ್ ಹೊಡೆಯೋಕೆ ಹೆದರದ ಒಬ್ಬ ಮನುಷ್ಯ ನಿಮ್ಮ ಸಂಬಳದ ಪಟ್ಟೀಲಿ ಇದ್ರೆ ಮಾತ್ರ ಇದನ್ನ ಮುಟ್ಟಿ. ಭಾವಮೈದ ಕಂಪ್ಯೂಟರ್ ಕಲಿತಿದಾನೆ ಅನ್ನೋದು ಸಾಕಾಗಲ್ಲ.

ಇಲ್ಲಿ "ಈಸಿ" ಅನ್ನೋದನ್ನ ಹೇಗೆ ಅಳೀಬೇಕು ಅಂತ ಸ್ವಲ್ಪ ಹೇಳ್ಬೇಕು ಅನ್ಸತ್ತೆ. ಜನ ಇನ್‌ಸ್ಟಾಲ್ ಮಾಡೋ ದಿನ ಎಷ್ಟು ಸುಲಭ ಅಂತ ನೋಡ್ತಾರೆ, ಅದು ಒಂದೇ ದಿನದ ಕೆಲಸ, ಯಾರಾದ್ರೂ ಬಂದು ಮಾಡ್ಕೊಟ್ಟು ಹೋಗ್ತಾರೆ. ಆಮೇಲಿನ ಮೂರು ವರ್ಷದಲ್ಲಿ ಪದೇ ಪದೇ ಬರೋ ಕೆಲಸ ಬೇರೆ: ಹೊಸ ಹುಡುಗಿ ಸೇರಿದ್ಲು, ಅವಳನ್ನ ಸೇರಿಸ್ಬೇಕು, ನಾಳೆ ಯುಗಾದಿ ರಜಾ ಅಂತ ಮೆಸೇಜ್ ಹಾಕ್ಬೇಕು, ಮೊನ್ನೆ ಜಗಳ ಆಡಿದ ಗಿರಾಕಿ ಕಾಲ್ ರೆಕಾರ್ಡಿಂಗ್ ಹುಡುಕ್ಬೇಕು, ಮಧ್ಯಾಹ್ನ ಊಟದ ಹೊತ್ತಲ್ಲಿ ಎಷ್ಟು ಕಾಲ್ ತಪ್ಪಿತು ನೋಡ್ಬೇಕು. ಡೆಮೊ ಕೊಡೋಕೆ ಬಂದವ್ರಿಗೆ ಈ ನಾಲ್ಕನ್ನ ಮಾಡಿ ತೋರ್ಸಿ ಅನ್ನಿ, ಅವ್ರು ಮಾಡೋದಲ್ಲ, ನಿಮ್ಮ ಅಕೌಂಟ್ಸ್ ನೋಡ್ಕೊಳ್ಳೋರ ಕೈಗೆ ಮೊಬೈಲ್ ಕೊಟ್ಟು ಮಾಡ್ಸಿ. ಅವ್ರಿಗೆ ಬಂದ್ರೆ ಅದು ಈಸಿ. ಹತ್ತು ಹದಿನೈದು ಜನದವರೆಗಿನ ಅಂಗಡಿಗೆ ನನ್ನ ಮಟ್ಟಿಗೆ ಕ್ಲೌಡ್ ಟೆಲಿಫೋನಿನೇ ಸರಿ, ದಿನವಿಡೀ ಕೂತು ಫೋನಲ್ಲೇ ಕೆಲಸ ಮಾಡೋ ಜನ ಜಾಸ್ತಿ ಇದ್ದು ನಿಮಿಷದ ಬಿಲ್ಲು ಕೈ ಕಚ್ಚೋಕೆ ಶುರುವಾದಾಗ ಸ್ವಂತ ಪಿಬಿಎಕ್ಸ್ ಯೋಚನೆ ಮಾಡಿ.

ಈಗ ಮೊದಲ ಪ್ರಶ್ನೆ, ನಂಬರ್. ಮೊಬೈಲ್ ನಂಬರ್ ಪೋರ್ಟ್ ಮಾಡೋದು 2011ರ ಜನವರಿಯಿಂದ ಇಡೀ ದೇಶದಲ್ಲಿದೆ, ನಮಗೆ ಎಷ್ಟು ರೂಢಿ ಆಗಿದೆ ಅಂದ್ರೆ ಎಲ್ಲಾ ನಂಬರ್‌ಗೂ ಹಾಗೇ ಇರತ್ತೆ ಅನ್ಕೊಂಡಿದೀವಿ. ಲ್ಯಾಂಡ್‌ಲೈನ್ ನಂಬರ್‌ಗೆ ಆ ಸೌಲಭ್ಯ ಇಲ್ಲ. 080, 0836, 0824, 0821 ಅಂತ ಶುರುವಾಗೋ ನಂಬರ್ ಒಂದು ಆಪರೇಟರ್ ಹತ್ರ ತಗೊಂಡ್ರೆ ಅದು ಅವ್ರ ಹತ್ರಾನೇ, ಬಿಟ್ರೆ ನಂಬರೂ ಬಿಟ್ಟಂಗೆ. ಕ್ಲೌಡ್ ಟೆಲಿಫೋನಿ ಕಂಪನಿ ಕೊಡೋ ನಂಬರ್ ವಿಷಯದಲ್ಲಿ ಇನ್ನೂ ಒಂದು ಮೆಟ್ಟಿಲು ದೂರ, ನಂಬರ್ ಟೆಲಿಕಾಂ ಆಪರೇಟರ್‌ದು, ಅವರಿಂದ ಈ ಕಂಪನಿ ತಗೊಂಡು ನಿಮಗೆ ಕೊಟ್ಟಿರತ್ತೆ. ಬಾಡಿಗೆ ಮಳಿಗೇಲಿ ಅಂಗಡಿ ಇಟ್ಟು ಹೆಸರು ಮಾಡಿದಂಗೆ, ಒಂದಿನ ಓನರ್ ಖಾಲಿ ಮಾಡು ಅಂದ್ರೆ ಗಿರಾಕಿ ಹಳೇ ಬಾಗಿಲಿಗೇ ಹೋಗಿ ನಿಲ್ತಾನೆ. ಕೆವೈಸಿ ಯಾರ ಹೆಸರಲ್ಲಿ ಆಗತ್ತೆ, ಎಷ್ಟು ದಿನ ಬಿಲ್ ಕಟ್ಟದಿದ್ರೆ ನಂಬರ್ ಬೇರೆಯವ್ರಿಗೆ ಹೋಗತ್ತೆ, ನಾವು ಬಿಟ್ಮೇಲೆ ಎಷ್ಟು ತಿಂಗಳು ಬೇರೆ ನಂಬರ್‌ಗೆ ಫಾರ್ವರ್ಡ್ ಮಾಡ್ಕೊಡ್ತೀರಿ, ಇವನ್ನ ಒಪ್ಪಂದದಲ್ಲಿ ಬರೆಸಿ.

ಇದಕ್ಕೆ ಒಂದು ಉಪಾಯ ಇದೆ, ಸುಮಾರು ಜನ ಮಾಡ್ತಾರೆ. ಅಂಗಡಿ ಹೆಸರಲ್ಲೇ, ಅಂದ್ರೆ ಜಿಎಸ್‌ಟಿ ಸರ್ಟಿಫಿಕೇಟ್ ಕೊಟ್ಟು ಬಿಸಿನೆಸ್ ಹೆಸರಲ್ಲಿ ಒಂದು ಮೊಬೈಲ್ ನಂಬರ್ ತಗೊಂಡು, ಬೋರ್ಡ್, ವಿಸಿಟಿಂಗ್ ಕಾರ್ಡ್, ಗೂಗಲ್ ಮ್ಯಾಪ್ಸ್, ವಾಟ್ಸಾಪ್ ಬಿಸಿನೆಸ್ ಎಲ್ಲಾ ಕಡೆ ಅದನ್ನೇ ಹಾಕೋದು, ಆ ಸಿಮ್ಮಿಂದ ಕ್ಲೌಡ್ ನಂಬರ್‌ಗೆ ಎಲ್ಲಾ ಕಾಲ್ ಫಾರ್ವರ್ಡ್ ಮಾಡೋದು. ಗಿರಾಕಿಗೆ ಗೊತ್ತಿರೋದು ಒಂದೇ ನಂಬರ್, ಹಿಂದೆ ಇರೋ ಕಂಪನಿ ಬದಲಾಯಿಸ್ಬೇಕು ಅಂದ್ರೆ ಫಾರ್ವರ್ಡ್ ಮಾತ್ರ ಬದಲಾಯಿಸಿದ್ರೆ ಆಯ್ತು, ಸಿಮ್ ಕಂಪನಿ ಸರಿ ಇಲ್ಲ ಅಂದ್ರೆ ಪೋರ್ಟ್ ಮಾಡ್ಬಹುದು. ಒಂದು ಕೊರತೆ ಇದೆ, ನೀವು ವಾಪಸ್ ಮಾಡೋವಾಗ ಗಿರಾಕಿಗೆ ಬೇರೆ ನಂಬರ್ ಕಾಣತ್ತೆ. ಇನ್ನೊಂದು, ಫಾರ್ವರ್ಡ್ ಆದ ಕಾಲ್‌ನಲ್ಲಿ ಗಿರಾಕಿ ನಂಬರ್ ಬದಲು ಕೆಲವು ಸಲ ನಿಮ್ಮ ಸಿಮ್ ನಂಬರೇ ಕಾಣ್ಬಹುದು, ದುಡ್ಡು ಕಟ್ಟೋ ಮುಂಚೆ ಟ್ರಯಲ್‌ನಲ್ಲೇ ಟೆಸ್ಟ್ ಮಾಡಿ ನೋಡಿ. ವಾಟ್ಸಾಪ್ ನಂಬರ್ ಮಾತ್ರ ಅಪ್ಪಿತಪ್ಪಿನೂ ಕೆಲಸದವ್ರ ಪರ್ಸನಲ್ ಸಿಮ್‌ನಲ್ಲಿ ಇಡ್ಬೇಡಿ. ಒಂದೇ ಕಂಪನಿ ಮೇಲೆ ಎಲ್ಲಾ ಭಾರ ಹಾಕಿದ್ರೆ ಏನಾಗತ್ತೆ ಅನ್ನೋದಕ್ಕೆ ದೂರ ಹೋಗ್ಬೇಕಿಲ್ಲ, ಇಂಟರ್ನೆಟ್ ಫೋನ್ ಅಂದ್ರೆ ಸ್ಕೈಪ್ ಅನ್ನೋ ಕಾಲ ಒಂದಿತ್ತು, 2025ರ ಮೇ 5ಕ್ಕೆ ಅದನ್ನೇ ಮುಚ್ಚಿದ್ರು.

ಎಷ್ಟು ಲೈನ್ ಬೇಕು? ಸೇಲ್ಸ್‌ನವರು ಹತ್ತು ಜನಕ್ಕೆ ಹತ್ತು ಚಾನೆಲ್ (ಒಂದು ಚಾನೆಲ್ ಅಂದ್ರೆ ಒಂದು ಹೊತ್ತಿಗೆ ಒಂದು ಕಾಲ್) ಅಂತಾರೆ, ಆಫೀಸುಗಳಿಗೆ ಕೊಡ್ತಿದ್ದ ಹಳೇ ಪಿಆರ್‌ಐ ಲೈನ್ ಆದ್ರೆ ಬೇಕೋ ಬೇಡ್ವೋ ಮೂವತ್ತೇ ಬರ್ತಿತ್ತು. ಡೆನ್ಮಾರ್ಕಿನ ಎರ್ಲಾಂಗ್ ಅನ್ನೋ ಗಣಿತದ ಮನುಷ್ಯ 1917ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದಾನೆ, ಇವತ್ತಿಗೂ ಟೆಲಿಕಾಂನವರು ಅದನ್ನೇ ಬಳಸೋದು. ನಿಮ್ಮ ಜಾಸ್ತಿ ಗಿರಾಕಿ ಇರೋ ಗಂಟೇಲಿ 20 ಕಾಲ್ ಬರತ್ತೆ, ಒಂದೊಂದು ಮೂರು ನಿಮಿಷ ಅನ್ಕೊಳ್ಳಿ, ಒಟ್ಟು 60 ನಿಮಿಷ, ಒಂದು ಲೈನು ಗಂಟೆಪೂರ್ತಿ ತುಂಬಿದಷ್ಟು ಮಾತು. ಆದ್ರೆ ಕಾಲ್‌ಗಳು ಕ್ಯೂನಲ್ಲಿ ಒಂದಾದ್ಮೇಲೊಂದು ಬರಲ್ವಲ್ಲ. ಆ ಸೂತ್ರದ ಪ್ರಕಾರ ಒಂದೇ ಲೈನಿದ್ರೆ ಅರ್ಧಕ್ಕರ್ಧ ಜನಕ್ಕೆ ಬಿಝಿ ಬರತ್ತೆ, ಎರಡಿದ್ರೆ ನೂರಕ್ಕೆ ಇಪ್ಪತ್ತು, ಮೂರಿದ್ರೆ ಆರು, ನಾಲ್ಕಿದ್ರೆ ಒಂದೂವರೆ. ನಾಲ್ಕು ಸಾಕು ಅಂತಾಯ್ತು. ಹೊರಗೆ ಮಾಡೋ ಕಾಲ್‌ಗೆ ಒಂದೋ ಎರಡೋ ಸೇರಿಸ್ಕೊಳ್ಳಿ. ಒಂದು ವಾರ ಮೊಬೈಲ್‌ಗಳ ಕಾಲ್ ಲಾಗ್ ನೋಡಿ ಈ ಲೆಕ್ಕ ಮಾಡ್ಕೊಂಡು ಹೋದ್ರೆ ಸೇಲ್ಸ್‌ನವರ ಮುಖ ನೋಡ್ಬೇಕು.

ಸ್ವಂತ ಪಿಬಿಎಕ್ಸ್ ಹಾಕಿದ್ರೆ ಮಾತು ಅಂಗಡಿ ಇಂಟರ್ನೆಟ್ ಮೇಲೇ ಓಡತ್ತೆ, ಆದ್ರೂ ಸ್ಪೀಡ್ ಬಗ್ಗೆ ಜನ ತಲೆ ಕೆಡಿಸ್ಕೊಳ್ಳೋದು ಸುಮ್ನೆ. ಮಾಮೂಲಿ ಜಿ.711 ಕೋಡೆಕ್‌ನಲ್ಲಿ (ಧ್ವನಿನ ಡೇಟಾ ಮಾಡೋ ವಿಧಾನ) ಒಂದು ಕಾಲಿಗೆ ಒಂದೊಂದು ದಿಕ್ಕಿಗೂ ಸುಮಾರು 87 ಕೆಬಿಪಿಎಸ್, ನಾಲ್ಕು ಕಾಲ್ ಒಟ್ಟಿಗೆ ನಡೆದ್ರೂ ಅರ್ಧ ಎಂಬಿಪಿಎಸ್ ಆಗಲ್ಲ, 50 ಎಂಬಿಪಿಎಸ್ ಫೈಬರ್‌ನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಧ್ವನಿ ಕಟ್ಟಾಗೋದು ಬೇರೆ ಕಾರಣಕ್ಕೆ. ಮಾತಿನ ತುಣುಕುಗಳು ಒಂದೇ ಲಯದಲ್ಲಿ ಬರ್ಬೇಕು, ಒಂದು ದಿಕ್ಕಿಗೆ 150 ಮಿಲಿಸೆಕೆಂಡ್ ಒಳಗೆ ಮುಟ್ಟಿದ್ರೆ ಮಾತಾಡೋರಿಗೆ ಗೊತ್ತಾಗಲ್ಲ, ಅದಕ್ಕಿಂತ ಜಾಸ್ತಿ ಆದ್ರೆ ಇಬ್ಬರೂ ಒಟ್ಟಿಗೆ ಮಾತಾಡೋಕೆ ಶುರು ಮಾಡ್ತಾರೆ. ಅದೇ ಹೊತ್ತಲ್ಲಿ ಯಾರೋ ಸಿಸಿಟಿವಿ ಬ್ಯಾಕಪ್ ಅಪ್‌ಲೋಡ್ ಮಾಡ್ತಿದ್ರೆ ಫೋನಿನ ತುಣುಕುಗಳು ಅದರ ಹಿಂದೆ ಕಾಯ್ತಾ ನಿಲ್ತಾವೆ. ರೌಟರ್‌ನಲ್ಲಿ ಕ್ಯೂಓಎಸ್ ಅಂತ ಇರತ್ತೆ, ಫೋನಿಗೆ ಮೊದಲ ಜಾಗ ಕೊಡೋಕೆ ಹೇಳಿ.

ಇನ್ನೊಂದು ಶುದ್ಧ ತರಲೆ ಅಂದ್ರೆ ರೌಟರ್‌ನಲ್ಲಿರೋ ಸಿಪ್ ಎಎಲ್‌ಜಿ, ಇಂಟರ್ನೆಟ್ ಕಾಲ್‌ಗಳ ಡೇಟಾನ ಮಧ್ಯದಲ್ಲಿ ತಿದ್ದೋ ಒಂದು ಸೆಟ್ಟಿಂಗು. ಸಹಾಯ ಮಾಡೋಕೆ ಅಂತ ಇಟ್ಟಿರೋದು, ಮಾಡೋದು ಮಾತ್ರ ಕಿತಾಪತಿ, ಕಾಲ್ ಕನೆಕ್ಟ್ ಆಗತ್ತೆ, ಆದ್ರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಲ್ಲ, ಇಲ್ಲಾ ಪ್ರತಿ ಸಲವೂ ಸರಿಯಾಗಿ ಅಷ್ಟೇ ಸೆಕೆಂಡಿಗೆ ಕಟ್ ಆಗತ್ತೆ. ಬಹಳ ಸಲ ಅದನ್ನ ಆಫ್ ಮಾಡಿದ ತಕ್ಷಣ ಸರಿ ಹೋಗತ್ತೆ. ಕೆಲವು ಇಂಟರ್ನೆಟ್ ಕಂಪನಿ ಕೊಡೋ ರೌಟರ್‌ನಲ್ಲಿ ಆ ಆಪ್ಷನ್ನೇ ನಮಗೆ ಕಾಣದಂಗೆ ಲಾಕ್ ಮಾಡಿರ್ತಾರೆ, ಆಗ ಸ್ವಂತ ರೌಟರ್ ಹಾಕ್ಬೇಕು.

ಕರೆಂಟ್ ವಿಷಯನೂ ಮರೀಬೇಡಿ. ಹಳೇ ತಾಮ್ರದ ಲ್ಯಾಂಡ್‌ಲೈನ್‌ಗೆ ಎಕ್ಸ್‌ಚೇಂಜಿಂದಾನೇ 48 ವೋಲ್ಟ್ ಬರ್ತಿತ್ತು, ಊರೆಲ್ಲ ಕತ್ತಲಾದ್ರೂ ಫೋನ್ ರಿಂಗ್ ಆಗ್ತಿತ್ತು. ಫೈಬರ್‌ನಲ್ಲಿ ಬೆಳಕು ಮಾತ್ರ ಬರತ್ತೆ. ಕರೆಂಟ್ ಹೋದ್ರೆ ಫೈಬರ್ ಡಬ್ಬಿ, ರೌಟರ್, ಸ್ವಿಚ್, ಐಪಿ ಫೋನ್ ಎಲ್ಲ ಒಟ್ಟಿಗೆ ಸಾಯ್ತಾವೆ. ಅಂಗಡಿ ಇನ್‌ವರ್ಟರ್ ಫ್ಯಾನು ಲೈಟಿಗೆ ಮಾತ್ರ ಕೊಟ್ಟಿದ್ರೆ ಈ ನಾಲ್ಕನ್ನೂ ಅದಕ್ಕೆ ಸೇರಿಸಿ, ರೌಟರ್‌ಗೆ ಅಂತಾನೇ ಚಿಕ್ಕ ಯುಪಿಎಸ್ ಸಿಗತ್ತೆ, ಅದಾದ್ರೂ ಹಾಕಿ.

ಮೊಬೈಲ್ ಆಪ್ ಮೇಲೆ ನಂಬಿಕೆ ಇಟ್ಟೋರಿಗೆ ಒಂದು ಮಾತು. ಕಮ್ಮಿ ಬೆಲೆಯ ಎಷ್ಟೋ ಆಂಡ್ರಾಯ್ಡ್ ಫೋನ್‌ಗಳು ಬ್ಯಾಟರಿ ಉಳಿಸೋಕೆ ಅಂತ ಹಿಂದೆ ಓಡ್ತಿರೋ ಆಪ್‌ಗಳನ್ನ ಕೊಂದು ಹಾಕ್ತಾವೆ, ಸ್ಕ್ರೀನ್ ಆಫ್ ಆಗಿ ಸ್ವಲ್ಪ ಹೊತ್ತಾದ್ರೆ ಕಾಲ್ ಬರೋದೇ ಇಲ್ಲ, ಹುಡುಗ ಆಣೆ ಮಾಡಿ "ರಿಂಗೇ ಆಗ್ಲಿಲ್ಲ ಸಾರ್" ಅಂತಾನೆ, ಅವ್ನು ಹೇಳ್ತಿರೋದು ನಿಜಾನೇ. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಆ ಆಪ್‌ಗೆ ನಿರ್ಬಂಧ ತೆಗೀಬೇಕು. ಪುಶ್ ನೋಟಿಫಿಕೇಷನ್‌ನಿಂದ ಎಬ್ಬಿಸೋ ಆಪ್ ಆದ್ರೆ ಈ ತೊಂದರೆ ಕಮ್ಮಿ, ಡೆಮೊ ಟೈಮಲ್ಲಿ ಫೋನ್ ಒಂದು ಗಂಟೆ ಮುಟ್ಟದೇ ಇಟ್ಟು ಆಮೇಲೆ ಕಾಲ್ ಮಾಡಿ ನೋಡಿ. ಕೌಂಟರ್‌ನಲ್ಲಿ ಮಾತ್ರ ಒಂದು ವೈರಿನ ಐಪಿ ಫೋನ್ ಇರ್ಲಿ. ಹಳೇ ಲ್ಯಾಂಡ್‌ಲೈನ್ ಫೋನ್ ಚೆನ್ನಾಗಿದ್ರೆ ಅದನ್ನೇ ಇಂಟರ್ನೆಟ್‌ಗೆ ಸೇರಿಸೋ ಎಟಿಎ ಅನ್ನೋ ಪುಟಾಣಿ ಅಡಾಪ್ಟರ್ ಸಿಗತ್ತೆ, ಅಪ್ಪಾಜಿಗೆ ಆಪ್ ಕಲಿಸೋದಕ್ಕಿಂತ ಅದು ಸುಲಭ.

ಸೆಕ್ಯುರಿಟಿ ಅಂದ್ರೆ ಚಿಕ್ಕೋರು ನಮ್ಮನ್ಯಾರು ಹ್ಯಾಕ್ ಮಾಡ್ತಾರೆ ಅಂತಾರೆ. ಯಾರೂ ನಿಮ್ಮನ್ನ ಹುಡುಕ್ಕೊಂಡು ಬರಲ್ಲ, ಪ್ರೋಗ್ರಾಂಗಳು ಇಡೀ ಇಂಟರ್ನೆಟ್ಟಲ್ಲಿ 5060 ಅನ್ನೋ ಪೋರ್ಟ್ (ಇಂಟರ್ನೆಟ್ ಫೋನ್ ಸಾಫ್ಟ್‌ವೇರ್‌ನ ಮಾಮೂಲಿ ಬಾಗಿಲು) ತೆರೆದಿರೋ ಮಿಶಿನ್‌ಗಳನ್ನ ಹಗಲೂ ರಾತ್ರಿ ಬಡೀತಾ ಇರ್ತಾವೆ. ಎಕ್ಸ್‌ಟೆನ್ಷನ್ 101, ಪಾಸ್‌ವರ್ಡೂ 101 ಅಂತ ಇಟ್ಟಿದ್ರೆ ಒಳಗೆ ಬಂದು ಶನಿವಾರ ರಾತ್ರಿ ಯಾವ್ದೋ ದೇಶದ ದುಬಾರಿ ನಂಬರ್‌ಗಳಿಗೆ ಕಾಲ್ ಓಡಿಸ್ತಾರೆ, ಆ ದುಡ್ಡಲ್ಲಿ ಅವ್ರಿಗೆ ಪಾಲು, ಬಿಲ್ಲು ನಿಮಗೆ. ಐಎಸ್‌ಡಿ ಬೇಕಿಲ್ಲ ಅಂದ್ರೆ ಆಪರೇಟರ್ ಕಡೆಯಿಂದಾನೇ ಬಂದ್ ಮಾಡ್ಸಿ. ಸಾಫ್ಟ್‌ವೇರ್ ಕಂಪನಿಗಳೂ ಹೊರತಲ್ಲ, 2023ರ ಮಾರ್ಚ್‌ನಲ್ಲಿ 3ಸಿಎಕ್ಸ್‌ನ ಡೆಸ್ಕ್‌ಟಾಪ್ ಆಪ್ ಅಪ್‌ಡೇಟ್ ಒಳಗೇ ಹ್ಯಾಕರ್‌ಗಳು ವೈರಸ್ ಸೇರಿಸಿದ್ರು, 2025ರ ಆಗಸ್ಟ್‌ನಲ್ಲಿ ಅಡ್ಮಿನ್ ಪೇಜ್‌ನ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಫ್ರೀಪಿಬಿಎಕ್ಸ್ ಮಿಶಿನ್‌ಗಳಿಗೆ ಒಂದು ಹೊಸ ತೂತಿನಿಂದ ನುಗ್ಗಿದ್ರು. ಸ್ವಂತ ಸರ್ವರ್ ಇಟ್ಕೊಂಡ್ರೆ ಇದೆಲ್ಲ ನಿಮ್ಮ ತಲೆ ಮೇಲೆ, ಕ್ಲೌಡ್ ಆದ್ರೆ ಅವ್ರ ತಲೆ ಮೇಲೆ, ತಿಂಗಳ ಬಾಡಿಗೆ ಕೊಡೋದ್ರಲ್ಲಿ ಒಂದು ಭಾಗ ಇದಕ್ಕೇ ಅನ್ಕೊಳ್ಳಿ.

ಈ ಸಿಸ್ಟಮ್ ಬಂದ್ಮೇಲೆ ಓನರ್‌ಗಳಿಗೆ ಬರೋ ಮೊದಲ ಆಸೆ, ಹಳೇ ಗಿರಾಕಿಗಳ ಲಿಸ್ಟ್ ಹಾಕಿ ದಸರಾ ಆಫರ್ ಅಂತ ಎಲ್ಲರಿಗೂ ರೆಕಾರ್ಡೆಡ್ ಕಾಲ್ ಬಿಡೋದು. ಮಾಡ್ಬೇಡಿ. ಪ್ರಚಾರದ ಕಾಲ್‌ಗೆ ಬೇರೆ ರಿಜಿಸ್ಟ್ರೇಷನ್ ಇದೆ, 140ರಿಂದ ಶುರುವಾಗೋ ನಂಬರ್‌ನಲ್ಲೇ ಮಾಡ್ಬೇಕು. 2024ರ ಆಗಸ್ಟ್‌ನಲ್ಲಿ ಟ್ರಾಯ್ ಹೊರಡಿಸಿದ ಆದೇಶದ ಪ್ರಕಾರ ರಿಜಿಸ್ಟರ್ ಆಗದೆ ಸಿಪ್, ಪಿಆರ್‌ಐ ಲೈನ್‌ನಿಂದ ಪ್ರಚಾರ ಮಾಡಿದ್ರೆ ಎಲ್ಲಾ ಲೈನ್ ಕಟ್ ಮಾಡಿ ಎರಡು ವರ್ಷದವರೆಗೆ ಕಪ್ಪು ಪಟ್ಟಿಗೆ ಹಾಕ್ಬಹುದು, ಆ ಪಟ್ಟಿನ ಉಳಿದ ಆಪರೇಟರ್‌ಗಳಿಗೂ ಕೊಡ್ತಾರೆ. ಅಂದ್ರೆ ಒಂದು ದಸರಾ ಆಫರ್‌ಗೆ ಅಂಗಡಿ ನಂಬರ್ ಹೋಯ್ತು. ಗಿರಾಕಿ ತಾನೇ ವಿಚಾರಿಸಿದ್ದಕ್ಕೆ ವಾಪಸ್ ಮಾಡೋದು ಬೇರೆ, ಅದಕ್ಕೆ ತೊಂದ್ರೆ ಇಲ್ಲ. ಚಿಕ್ಕ ವಿಷಯ ಇನ್ನೊಂದು, 2021ರ ಜನವರಿ 15ರಿಂದ ಲ್ಯಾಂಡ್‌ಲೈನಿಂದ ಮೊಬೈಲ್‌ಗೆ ಮಾಡೋವಾಗ ಮುಂದೆ ಸೊನ್ನೆ ಹಾಕ್ಬೇಕು, ಸ್ವಂತ ಪಿಬಿಎಕ್ಸ್ ಇದ್ರೆ ಡಯಲ್ ಪ್ಲಾನ್‌ನಲ್ಲಿ (ಒತ್ತಿದ ನಂಬರ್‌ನ ಹೇಗೆ ಕಳಿಸ್ಬೇಕು ಅನ್ನೋ ಸೆಟ್ಟಿಂಗ್) ಅದು ತಾನಾಗೇ ಸೇರೋ ಹಾಗೆ ಮಾಡಿ. ರೆಕಾರ್ಡಿಂಗ್ ಇಟ್ಕೊಳ್ಳೋದಾದ್ರೆ ಶುರುವಲ್ಲೇ ಹೇಳ್ಬಿಡಿ, 2023ರ ಡೇಟಾ ರಕ್ಷಣೆ ಕಾಯ್ದೆಯ ನಿಯಮಗಳೂ 2025ರ ನವೆಂಬರ್‌ನಲ್ಲಿ ಬಂದ್ವು, ಹಂತ ಹಂತವಾಗಿ ಜಾರಿಗೆ ಬರತ್ತೆ, ಗಿರಾಕಿ ಧ್ವನಿ, ನಂಬರ್ ಎಲ್ಲ ಅದ್ರೊಳಗೇ ಬರೋದು.

ಸ್ವಾಗತದ ಮೆಸೇಜ್‌ನ ಕನ್ನಡದಲ್ಲೇ ಇಡಿ, ಕಂಪ್ಯೂಟರ್ ಧ್ವನಿ ಬೇಡ, ನಿಮ್ಮಲ್ಲೇ ಯಾರದ್ದಾದ್ರೂ ಸ್ಪಷ್ಟವಾದ ಧ್ವನಿ ಇದ್ರೆ ಫ್ಯಾನ್ ಆಫ್ ಮಾಡಿ ಮೊಬೈಲಲ್ಲಿ ರೆಕಾರ್ಡ್ ಮಾಡ್ಸಿ. ಆಸ್ಟೆರಿಸ್ಕ್ ಥರದವಕ್ಕೆ 8 ಕಿಲೋಹರ್ಟ್ಜ್, 16 ಬಿಟ್, ಮೋನೋ ವೇವ್ ಫೈಲ್ ಕೊಟ್ರೆ ಸರಿಯಾಗಿ ತಗೊಳ್ಳತ್ತೆ. ಎಂಟು ಜನದ ಅಂಗಡಿಗೆ "ಸೇಲ್ಸ್‌ಗೆ ಒಂದು, ಸರ್ವಿಸ್‌ಗೆ ಎರಡು" ಸಾಕು, ಬ್ಯಾಂಕಿನ ಥರ ಒಂಬತ್ತರವರೆಗೆ ಓದಿಸಿದ್ರೆ ಗಿರಾಕಿ ಕಟ್ ಮಾಡಿ ಪಕ್ಕದ ಅಂಗಡಿಗೆ ಮಾಡ್ತಾನೆ. ನಿಜ ಹೇಳ್ಬೇಕು ಅಂದ್ರೆ ಮೆನುನೇ ಬೇಡ, ನೇರ ಎಲ್ಲರಿಗೂ ರಿಂಗ್ ಆಗ್ಲಿ, 15 ಸೆಕೆಂಡ್‌ನಲ್ಲಿ ಯಾರೂ ಎತ್ತದಿದ್ರೆ ಓನರ್‌ಗೆ ಹೋಗ್ಲಿ.

ಹಳೇ ನಂಬರ್‌ಗಳನ್ನ ತಕ್ಷಣ ಬಿಡೋಕೆ ಹೋಗ್ಬೇಡಿ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇದ್ರೆ ಅದನ್ನ ಹೊಸ ನಂಬರ್‌ಗೆ ಫಾರ್ವರ್ಡ್ ಹಾಕಿ ಒಂದು ವರ್ಷ ಬಾಡಿಗೆ ಕಟ್ಟಿ, ವರ್ಷಕ್ಕೊಂದ್ಸಲ ಮಾತ್ರ ಬರೋ ಗಿರಾಕಿಗಳು ಡೈರೀಲಿ ಬರ್ಕೊಂಡಿರೋದು ಅದನ್ನೇ. ಕ್ಲೌಡ್ ಕಂಪನಿ ಜೊತೆ ಮೊದಲು ವರ್ಷದ ಪ್ಲಾನ್ ಬೇಡ, ಡಿಸ್ಕೌಂಟ್ ಹೋದ್ರೆ ಹೋಗ್ಲಿ, ಮೂರು ತಿಂಗಳದ್ದು ತಗೊಳ್ಳಿ. ಮೊದಲ ತಿಂಗಳ ಮಿಸ್ಡ್ ಕಾಲ್ ರಿಪೋರ್ಟ್‌ನ ಗಂಟೆ ಲೆಕ್ಕದಲ್ಲಿ ತೆಗೆದು ನೋಡಿ, ಬಹಳ ಅಂಗಡೀಲಿ ಮಧ್ಯಾಹ್ನ ಒಂದೂವರೆಯಿಂದ ಮೂರರ ಮಧ್ಯೆನೇ ಜಾಸ್ತಿ ತಪ್ಪಿರತ್ತೆ, ಅದಕ್ಕೆ ಯಾವ ಸಾಫ್ಟ್‌ವೇರ್ ಬದಲಾಯಿಸಿದ್ರೂ ಪ್ರಯೋಜನ ಇಲ್ಲ, ಊಟಕ್ಕೆ ಇಬ್ಬಿಬ್ಬರಾಗಿ ಹೋಗೋಕೆ ಹೇಳ್ಬೇಕು ಅಷ್ಟೇ.